ಹೆರಾಲ್ಡ್ ಹೋಗಿ ಗಜೆಲ್ ಬಂತು: ಒಂದು ಅಚ್ಚಿನ ಕಥೆ

ಹಳೇ ಕಾರುಗಳ ಮಾತು ಬಂದಾಗ ಎಲ್ಲರೂ ಅಂಬಾಸಿಡರ್, ಫಿಯಟ್ ಎರಡನ್ನೇ ಹೇಳಿ ಮುಗಿಸಿಬಿಡುತ್ತಾರೆ. ಮೂರನೆಯದೊಂದಿತ್ತು, ಮದ್ರಾಸಿನದು. ಸ್ಟ್ಯಾಂಡರ್ಡ್ ಹೆರಾಲ್ಡ್. ಇವತ್ತು ಬರೆಯುತ್ತಿರುವುದು ಅದರ ಹಿಂದಿನ ಅಚ್ಚಿನ ಬಗ್ಗೆ. ಅಚ್ಚಿಗೂ ಒಂದು ಇತಿಹಾಸವೇ ಅನ್ನಬೇಡಿ, ಸ್ವಲ್ಪ ತಾಳ್ಮೆಯಿಂದ ಓದಿ :-)

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಅಚ್ಚು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಚಕ್ಕಡಿ ನೋಡಿದವರಿಗೆಲ್ಲ ಗೊತ್ತು. ಎರಡು ಗಾಲಿ, ನಡುವೆ ಒಂದೇ ಗಟ್ಟಿ ಅಚ್ಚು. ಒಂದು ಗಾಲಿ ಕಲ್ಲು ಹತ್ತಿದರೆ ಇಡೀ ಗಾಡಿ ವಾಲುತ್ತದೆ, ಆದರೆ ಗಾಲಿಗಳು ಒಂದಕ್ಕೊಂದು ನೆಟ್ಟಗೇ ಇರುತ್ತವೆ. ಕಬ್ಬು ಹೊರುವ ಟ್ರೇಲರ್‌ಗೂ ಇದೇ ಲೆಕ್ಕ. ಅಂಬಾಸಿಡರ್, ಫಿಯಟ್, ಲಾರಿ, ಜೀಪುಗಳ ಹಿಂದೂ ಇದೇ. ವ್ಯತ್ಯಾಸ ಇಷ್ಟೇ: ಚಕ್ಕಡಿಯ ಅಚ್ಚು ತಾನು ತಿರುಗುವುದಿಲ್ಲ, ಅದರ ಮೇಲೆ ಗಾಲಿ ತಿರುಗುತ್ತದೆ. ಕಾರಿನಲ್ಲಿ ಅಚ್ಚು ಒಂದು ಕೊಳವೆ. ಅದರೊಳಗೆ ಶಾಫ್ಟ್ ತಿರುಗುತ್ತದೆ, ನಟ್ಟನಡುವೆ ಡಿಫರೆನ್ಷಿಯಲ್.

ಹೆರಾಲ್ಡ್ ಹಾಗಿರಲಿಲ್ಲ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ 1959ರಲ್ಲಿ ಅದನ್ನು ಹೊರತಂದಿತು. ಚಂದದ ಬಾಡಿ ಬಿಡಿಸಿದವನು ಇಟಲಿಯ ಜೊವಾನ್ನಿ ಮೈಕೆಲೊಟ್ಟಿ. ಬಾನೆಟ್ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು, 25 ಅಡಿ ವೃತ್ತದಲ್ಲಿ ಗಾಡಿ ತಿರುಗಿಬಿಡುತ್ತಿತ್ತು. ಇಂಡಿಯಾದಲ್ಲಿ 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಇದನ್ನು ತಯಾರಿಸಿತು. ಇಂಗ್ಲೆಂಡಿನಲ್ಲಿ ಎಂಜಿನ್ 1147, ಆಮೇಲೆ 1296 ಸಿಸಿ ಅಂತ ಬೆಳೆಯುತ್ತಾ ಹೋಯಿತು. ನಮ್ಮದು ಮೊದಲಿನ 948 ಸಿಸಿಯಲ್ಲೇ ಉಳಿಯಿತು. ಅಲ್ಲಿ ಕಡೆಯವರೆಗೂ ಎರಡೇ ಬಾಗಿಲು. ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದ್ದು ನಮ್ಮವರು ಮಾತ್ರ.

ಅದರ ಹಿಂದೆ ಇದ್ದದ್ದು ಸ್ವಿಂಗ್ ಆಕ್ಸಲ್. ಡಿಫರೆನ್ಷಿಯಲ್ ಚಾಸಿಗೇ ಬೋಲ್ಟು. ಅದರ ತಲೆಯ ಮೇಲೆ ಅಡ್ಡಡ್ಡ ಒಂದೇ ಲೀಫ್ ಸ್ಪ್ರಿಂಗ್ (ಲಾರಿಯವರು ಪಾಟಾ ಅನ್ನುತ್ತಾರಲ್ಲ, ಅದೇ). ಎರಡೂ ಕಡೆಗೆ ಅರ್ಧರ್ಧ ಶಾಫ್ಟು, ಹಕ್ಕಿಯ ರೆಕ್ಕೆ ಹಾಗೆ ಮೇಲೆ ಕೆಳಗೆ ಆಡುತ್ತವೆ. ಒಂದು ಗಾಲಿ ಗುಂಡಿಗೆ ಬಿದ್ದರೆ ಇನ್ನೊಂದಕ್ಕೆ ಸುದ್ದಿಯೇ ಇಲ್ಲ! ಕೇಳಲು ಬಹಳ ಚೆನ್ನಾಗಿದೆ. ತೊಂದರೆ ಎಲ್ಲಿ ಅಂದರೆ, ರೆಕ್ಕೆ ಆಡಿದಾಗ ಗಾಲಿಯೂ ವಾಲುತ್ತದೆ. ಹೆರಾಲ್ಡನ್ನು ಹಿಂದಿನಿಂದ ಜ್ಯಾಕ್ ಹಾಕಿ ಎತ್ತಿದರೆ ಗಾಲಿಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಐದಾರು ಜನ, ಮೇಲೊಂದು ಟ್ರಂಕು ಹೇರಿದರೆ ಗಾಲಿಗಳು ಕಾಲು ಅಗಲಿಸಿ ನಿಲ್ಲುತ್ತವೆ. ಚಿಕ್ಕವನಿದ್ದಾಗ ನಾವು ಅದನ್ನು ನೋಡಿ ನಗುತ್ತಿದ್ದೆವು. ನಗುವ ವಿಷಯ ಅಲ್ಲ ಅಂತ ಆಮೇಲೆ ಓದಿ ತಿಳಿಯಿತು.

ವೇಗದಲ್ಲಿ ತಿರುವಿಗೆ ಬಂದು ಗಾಬರಿಯಿಂದ ಎಕ್ಸಲರೇಟರ್ ಬಿಟ್ಟರೆ ಗಾಡಿಯ ಹಿಂಭಾಗ ಮೇಲೇಳುತ್ತದೆ, ಹೊರಗಿನ ಗಾಲಿ ಒಳಕ್ಕೆ ಮಡಚುತ್ತದೆ, ಹಿಡಿತ ತಪ್ಪುತ್ತದೆ. ಅಮೆರಿಕದಲ್ಲಿ ಇದೇ ತರಹದ ಹಿಂಬದಿ ಇದ್ದ ಷೆವರ್ಲೆ ಕಾರ್ವೇರ್ ಬಗ್ಗೆ ರಾಲ್ಫ್ ನೇಡರ್ 1965ರ ತಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವನ್ನೇ ಬರೆದರು. ಹೆರಾಲ್ಡಿನ ಚಾಸಿಯಿಂದಲೇ ಹುಟ್ಟಿದ ಸ್ಪೋರ್ಟ್ಸ್ ಕಾರುಗಳಾದ ಸ್ಪಿಟ್‌ಫೈರ್ (1962), ಜಿಟಿ6 (1966) ಇವುಗಳಲ್ಲಿ ವೇಗ ಜಾಸ್ತಿ, ಹಾಗಾಗಿ ಬೈಗುಳವೂ ಜಾಸ್ತಿ. ಟ್ರಯಂಫ್‌ನವರು 1968ರಲ್ಲಿ ಜಿಟಿ6ಗೆ ಕೆಳಗೊಂದು ವಿಷ್‌ಬೋನ್ ಸೇರಿಸಿದರು. 1970ರಲ್ಲಿ ಸ್ಪಿಟ್‌ಫೈರ್‌ನ ಸ್ಪ್ರಿಂಗ್ ಎಲೆಗಳು ನಡುವೆ ತೂಗಾಡುವಂತೆ ಮಾಡಿದರು.

ಮದ್ರಾಸಿನವರು ಏನು ಮಾಡಿದರು? ಆ ರೆಕ್ಕೆಯನ್ನೇ ತೆಗೆದು ಗಟ್ಟಿ ಅಚ್ಚು ಹಾಕಿಬಿಟ್ಟರು! 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗಜೆಲ್ ಅದು. ಎಂಜಿನ್ ಅದೇ 948. ಹೆರಾಲ್ಡಿನ ಹಿಂಬದಿ ನಮ್ಮ ಗಿರಾಕಿಗಳಿಗೂ ಮಿಸ್ತ್ರಿಗಳಿಗೂ ಒಗ್ಗಿರಲಿಲ್ಲ.

ಬರೆದಷ್ಟು ಸುಲಭದ ಕೆಲಸ ಅಲ್ಲ ಇದು. ಇಂಥ ಯಾವುದೇ ಗಾಡಿಗೆ ಗಟ್ಟಿ ಅಚ್ಚು ಕೂರಿಸಬೇಕೆಂದರೆ, ಇಷ್ಟು ದಿನ ಚಾಸಿಗೆ ಅಂಟಿ ಸುಮ್ಮನಿದ್ದ ಡಿಫರೆನ್ಷಿಯಲ್ ಈಗ ಗಾಲಿಗಳ ಜೊತೆ ಕುಣಿಯುತ್ತದೆ. ಅದಕ್ಕೆ ಮೇಲೆ ಜಾಗ ಬೇಕು. ಪ್ರೊಪೆಲ್ಲರ್ ಶಾಫ್ಟ್ ಅದರೊಂದಿಗೆ ಏರಿಳಿಯಬೇಕು, ಉದ್ದ ಹೆಚ್ಚುಕಡಿಮೆ ಆಗಲು ಜಾರುವ ಜಾಯಿಂಟ್ ಬೇಕು. ಅಚ್ಚು ಹಿಂದೆ ಮುಂದೆ ಸರಿಯದಂತೆ ಹಿಡಿಯಬೇಕು, ಆ ಒತ್ತಡ ತಡೆಯಲು ಚಾಸಿಯಲ್ಲಿ ಹೊಸ ಹಿಡಿಕೆಗಳು ಬೇಕು. ಬ್ರೇಕ್ ಪೈಪು, ಸೈಲೆನ್ಸರ್ ಎಲ್ಲಕ್ಕೂ ಬೇರೆ ದಾರಿ.

ಕಳೆದುಕೊಂಡಿದ್ದೂ ಇದೆ. ಕುಣಿಯುವ ತೂಕ ಹೆಚ್ಚಾದರೆ ಒರಟು ರಸ್ತೆಯಲ್ಲಿ ಹಿಂದಿನ ಸೀಟಿನವರಿಗೆ ಕುಲುಕಾಟ ತಪ್ಪಿದ್ದಲ್ಲ. ಗಳಿಸಿದ್ದು: ಎಷ್ಟೇ ಹೇರಿದರೂ ನೆಟ್ಟಗೆ ನಿಲ್ಲುವ ಗಾಲಿ, ಮತ್ತು ಅಂಬಾಸಿಡರ್ ಬಿಚ್ಚಿ ಗೊತ್ತಿದ್ದ ಯಾವ ಮಿಸ್ತ್ರಿಯೂ ಹೆದರದೆ ಕೈ ಹಾಕಬಹುದಾದ ಗಾಡಿ.

ಗಜೆಲ್ ಸ್ವಲ್ಪವೇ ತಯಾರಾಗಿ 1977ಕ್ಕೆ ನಿಂತಿತು. ಇದನ್ನು "ಹಿಂದಕ್ಕೆ ಹೋದ ತಂತ್ರಜ್ಞಾನ" ಅಂತ ನಗುವವರಿದ್ದಾರೆ. ನಾನು ಒಪ್ಪುವುದಿಲ್ಲ. 1976ರಲ್ಲಿ ಇಂಗ್ಲೆಂಡಿನ ದುಬಾರಿ ರೋವರ್ ಎಸ್‌ಡಿ1 ಬಂದಾಗ ಅದರ ಹಿಂದೆಯೂ ಗಟ್ಟಿ ಅಚ್ಚೇ ಇತ್ತು, ಅದು ಯುರೋಪಿನ ವರ್ಷದ ಕಾರೂ ಆಯಿತು. ಅದೇ ಕಾರನ್ನು ಮದ್ರಾಸಿನವರು 1985ರಲ್ಲಿ ಸ್ಟ್ಯಾಂಡರ್ಡ್ 2000 ಅಂತ ತಂದರು. ಹಳೇ ಕಾಲದ ಎಂಜಿನ್, ದೊಡ್ಡ ಬೆಲೆ... 1988ಕ್ಕೆ ಅದೂ ಮುಗಿಯಿತು. ಅವರನ್ನು ಮುಳುಗಿಸಿದ್ದು ಅಚ್ಚಂತೂ ಅಲ್ಲ.

ಹುಕ್ಕೇರಿ ಕಡೆಯ ಗೆಳೆಯನೊಬ್ಬ ಈಗ ಒಂದು ಹೆರಾಲ್ಡ್ ರಿಪೇರಿ ಮಾಡಿಸುತ್ತಿದ್ದಾನೆ. ಗಟ್ಟಿ ಅಚ್ಚು ಹಾಕಿಸಲೇನೋ ಅಂತ ಕೇಳಿದ. ಸಂಕೇಶ್ವರದ ಹೈವೇಯಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಿಸುವವನು ಕೇಳುವ ಪ್ರಶ್ನೆಯೇ ಅದು. ನಾನು ಹೇಳಿದ್ದು: ಚಾಸಿ ಕೊಯ್ದರೆ ಮತ್ತೆ ಹೆರಾಲ್ಡ್ ಸಿಗುವುದಿಲ್ಲಪ್ಪಾ. ಸ್ಪ್ರಿಂಗ್, ಬುಷ್ ಹೊಸದು ಹಾಕಿಸು, ಹೆಚ್ಚು ಹೇರಬೇಡ, ತಿರುವು ಬರುವ ಮೊದಲೇ ನಿಧಾನ ಮಾಡು, ತಿರುವಿನ ನಡುವೆ ಎಕ್ಸಲರೇಟರ್ ಪಟ್ಟನೆ ಬಿಡಬೇಡ. ಅಷ್ಟು ಪಥ್ಯ ಆಗದಿದ್ದರೆ ಗಜೆಲ್ ಹುಡುಕು, ಅದು ನಮ್ಮ ರಸ್ತೆಗೇ ಮಾಡಿದ್ದು.

ಅವನಿನ್ನೂ ಯೋಚಿಸುತ್ತಿದ್ದಾನೆ. ನಿಮ್ಮೂರಲ್ಲಿ ಗಜೆಲ್ ಕಂಡವರು, ಓಡಿಸಿದವರು ಇದ್ದರೆ ದಯವಿಟ್ಟು ತಿಳಿಸಿ.