ಜ್ವಾಲಾಮುಖಿ ಬೂದಿಮಣ್ಣು

ಜ್ವಾಲಾಮುಖಿಗಳು ಉಗುಳಿದ ಬೂದಿ ಶಿಥಿಲಗೊಂಡು ರೂಪುಗೊಳ್ಳುವ ಮಣ್ಣು. ಮಣ್ಣುವಿಜ್ಞಾನದಲ್ಲಿ ಇದರ ಹೆಸರು ಆಂಡೊಸಾಲ್. ಜಪಾನಿ ಭಾಷೆಯಲ್ಲಿ ‘ಆನ್’ ಎಂದರೆ ಕಪ್ಪು, ‘ದೋ’ ಎಂದರೆ ಮಣ್ಣು. ಬೂದಿಯಲ್ಲಿನ ಗಾಜಿನ ಕಣಗಳು ಬೇಗ ಶಿಥಿಲವಾಗಿ ಅಲೋಫೇನ್, ಇಮೊಗೊಲೈಟ್ ಎಂಬ ಸೂಕ್ಷ್ಮ ಖನಿಜಗಳು ಹುಟ್ಟುತ್ತವೆ. ಇವು ನೀರನ್ನೂ ಸಾವಯವ ಇಂಗಾಲವನ್ನೂ ಹೇರಳವಾಗಿ ಹಿಡಿದಿಡುತ್ತವೆ. ರಂಜಕವನ್ನು ಮಾತ್ರ ಬಿಗಿಯಾಗಿ ಬಂಧಿಸಿ, ಬೇರುಗಳಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಮಣ್ಣು ಬಲು ಹಗುರ: ಒಂದು ಘನ ಸೆಂಟಿಮೀಟರಿನ ಒಣತೂಕ ಸಾಮಾನ್ಯವಾಗಿ 0.9 ಗ್ರಾಂ ಮೀರದು. ಹಸಿ ಮಣ್ಣನ್ನು ಬೆರಳುಗಳ ನಡುವೆ ಉಜ್ಜಿದರೆ ಜಿಡ್ಡುಜಿಡ್ಡಾಗಿ ನೀರು ಒಸರುತ್ತದೆ.

ಅಮೆರಿಕದ ವಾಯವ್ಯ ಭಾಗದ ಪರ್ವತಾರಣ್ಯಗಳ ನೆಲ ಈ ಮಣ್ಣಿಗೆ ಉತ್ತಮ ನಿದರ್ಶನ. ಸುಮಾರು 7,700 ವರ್ಷಗಳ ಹಿಂದೆ ಆರೆಗನ್‌ನ ಮಝಾಮಾ ಪರ್ವತ ಸ್ಫೋಟಿಸಿ ಕುಸಿಯಿತು. ಆಗ ಉಂಟಾದ ಕುಳಿಯಲ್ಲಿ ಇಂದು ಕ್ರೇಟರ್ ಸರೋವರವಿದೆ. ಗಾಳಿಯಲ್ಲಿ ತೇಲಿಹೋದ ಬೂದಿ ವಾಷಿಂಗ್ಟನ್, ಐಡಹೊ ರಾಜ್ಯಗಳ ಇಳಿಜಾರುಗಳನ್ನೂ ಹೊದಿಸಿತು. ಉತ್ತರಕ್ಕೆ ಮುಖಮಾಡಿದ, ದಟ್ಟ ಮರಗಳ ತಂಪಾದ ಇಳಿಜಾರುಗಳಲ್ಲಿ ಆ ಪದರ ಹೆಚ್ಚು ಉಳಿದಿದೆ. ಮಳೆ ಅಪರೂಪವಾಗುವ ಬೇಸಿಗೆಯಲ್ಲಿ ಡಗ್ಲಸ್ ಫರ್, ಸೀಡರ್ ಮರಗಳನ್ನು ಪೊರೆಯುವುದು ಅದು ಹೀರಿಟ್ಟುಕೊಂಡ ಹಿಮದ ನೀರೇ. ಮರ ಸಾಗಿಸುವ ಭಾರಿ ಯಂತ್ರಗಳು ಓಡಾಡಿದರೆ ಮಣ್ಣಿನ ರಂಧ್ರಗಳು ಅಮುಕಿಹೋಗುತ್ತವೆ. ಕೊಚ್ಚಿಹೋದ ಬೂದಿಯಂತೂ ಮತ್ತೊಂದು ಸ್ಫೋಟವಾಗದೆ ಮರಳದು. ಆದ್ದರಿಂದ ಈ ಪದರದ ರಕ್ಷಣೆಯೇ ಕಾಡಿನ ರಕ್ಷಣೆ.