ಒಳಗೆ ನೋಡಬೇಕಾದ ಊರು: ಉಜ್ಜಿನಿಯ ಗಾದೆಯೊಂದರ ಚಾರಿತ್ರಿಕ ಓದು

'ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು' ಎಂಬ ಗಾದೆ ಬಳ್ಳಾರಿ ಸೀಮೆಯಲ್ಲಿ ಕೇಳದವರಿಲ್ಲ. ಪ್ರವಾಸಿ ಕೈಪಿಡಿಗಳು ಇದನ್ನು ಉಜ್ಜಿನಿಗೆ ಸಿಕ್ಕ ಪ್ರಶಸ್ತಿಪತ್ರದಂತೆ ಮುದ್ರಿಸುತ್ತವೆ. ವಿದ್ವಾಂಸರು ಜನಪದರ ಅಭಿಮಾನವೆಂದು ಬದಿಗಿಡುತ್ತಾರೆ. ಇದನ್ನೊಂದು ಆಧಾರವೆಂದು ಕೈಗೆತ್ತಿಕೊಂಡು, ಏನನ್ನು ಹೇಳುತ್ತದೆ, ಯಾವ ಕಾಲದಲ್ಲಿ ನಿಂತು ಹೇಳುತ್ತದೆ ಎಂದು ಪರಿಶೀಲಿಸುವ ತಾಳ್ಮೆ ಇಬ್ಬರಲ್ಲೂ ಕಾಣುವುದಿಲ್ಲ. ಶಾಸನದ ಒಂದು ಅಕ್ಷರಕ್ಕಾಗಿ ಪುಟಗಟ್ಟಲೆ ವಾದಿಸುವ ನಾವು, ಜನರ ಬಾಯಲ್ಲಿ ಉಳಿದು ಬಂದ ಒಂದು ಇಡೀ ವಾಕ್ಯವನ್ನು ಹೀಗೆ ಬಿಟ್ಟುಕೊಟ್ಟದ್ದು ಸರಿಯಲ್ಲ.

ಮೊದಲು ಉಪೇಕ್ಷೆಯ ಕಾರಣ. ಇದು ಉಜ್ಜಿನಿಯ ಗುಡಿಯ ಗುಣಕ್ಕೆ ಸಂಬಂಧಿಸಿದ್ದಲ್ಲ, ಗಡಿಗೆ ಸಂಬಂಧಿಸಿದ್ದು. 1953ರವರೆಗೆ ಈ ಊರು ಮದರಾಸು ಪ್ರಾಂತದಲ್ಲಿತ್ತು. ಪಕ್ಕದ ಜಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ಬಿ. ಎಲ್. ರೈಸರ 'ಎಪಿಗ್ರಾಫಿಯಾ ಕರ್ನಾಟಿಕಾ' ಜಗಳೂರಿನ ಸೀಮೆಗೆ ಬಂದು ನಿಂತಿತು. ಹೆನ್ರಿ ಕಸಿನ್ಸ್ 1926ರಲ್ಲಿ ಚಾಲುಕ್ಯ ವಾಸ್ತುವಿನ ಮೇಲೆ ಪ್ರಕಟಿಸಿದ ದೊಡ್ಡ ಗ್ರಂಥ ಮುಖ್ಯವಾಗಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಿಗೆ ಮೀಸಲಾಯಿತು. ಬಳ್ಳಾರಿಯ ಪಾಲಿಗೆ ಉಳಿದದ್ದು ಅಲೆಕ್ಸಾಂಡರ್ ರೀ ಅವರ 1896ರ ಗ್ರಂಥ. ಈ ತಾಲ್ಲೂಕುಗಳ ಶಾಸನಗಳನ್ನು ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣರಾವ್ ಅವರು 'ದಕ್ಷಿಣ ಭಾರತದ ಶಾಸನಗಳು' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಹೊರತಂದರು. ಅದರ ಮೊದಲ ಭಾಗ 1939ರದು. ಆ ಸಂಪುಟದಲ್ಲಿ ಮೂಲಪಾಠವಿದೆ, ಚಿಕ್ಕ ಟಿಪ್ಪಣಿಗಳಿವೆ, ಪೂರ್ಣ ಅನುವಾದವಿಲ್ಲ. ಹಾಗಾಗಿ ಕನ್ನಡ ಓದಲಾರದ ಕಲಾ ಇತಿಹಾಸಕಾರರಿಗೆ ಅದು ಮುಚ್ಚಿದ ಬಾಗಿಲಾಯಿತು. ಆ ಇಬ್ಬರು ಸಂಪಾದಕರಿಗೆ ನಾವು ತೀರಿಸಬೇಕಾದ ಋಣ ಇನ್ನೂ ಬಾಕಿ ಇದೆ.

ಈಗ ಗಾದೆಗೆ ಬರೋಣ. ಚಾಲ್ತಿಯಲ್ಲಿರುವ ಅರ್ಥ ಹೀಗೆ: ಹಂಪಿಯ ಸೊಗಸು ಹೊರಗೋಡೆಯಲ್ಲಿ, ಉಜ್ಜಿನಿಯ ಸೊಗಸು ಒಳಾಂಗಣದಲ್ಲಿ, ಎಂದರೆ ಇದು ಎರಡು ಶಿಲ್ಪಶೈಲಿಗಳ ಹೋಲಿಕೆ, ವಿಜಯನಗರ ಒಂದು ಕಡೆ, ಕಲ್ಯಾಣ ಚಾಲುಕ್ಯ ಇನ್ನೊಂದು ಕಡೆ. ಕೇಳುವುದಕ್ಕೆ ಅಂದವಾಗಿದೆ, ಆದರೆ ಕಲ್ಲುಗಳು ಇದನ್ನು ಒಪ್ಪುವುದಿಲ್ಲ. ಹಂಪಿಯಲ್ಲಿ ಒಳಗೆ ನೋಡುವುದೇನೂ ಇಲ್ಲವೆ? ಹಜಾರರಾಮನ ಗುಡಿಯ ಪ್ರಾಕಾರದ ಹೊರಮೈಯಲ್ಲಿ ಆನೆ, ಕುದುರೆ, ನರ್ತಕಿಯರ ಸಾಲುಗಳಿವೆ, ನಿಜ. ಆದರೆ ಅದೇ ಗುಡಿಯ ಒಳಮಂಟಪದಲ್ಲಿ ನುಣ್ಣಗೆ ಹೊಳೆಯುವ ನಾಲ್ಕು ಕರಿಕಲ್ಲಿನ ಕಂಬಗಳಿವೆ. ವಿರೂಪಾಕ್ಷನ ರಂಗಮಂಟಪದ ಮಾಳಿಗೆಯಲ್ಲಿ ಚಿತ್ರಗಳಿವೆ. ಚಾಲುಕ್ಯರ ಕಡೆಯಿಂದ ನೋಡಿದರೂ ಹೋಲಿಕೆ ನಿಲ್ಲದು. ಇದೇ ಸೀಮೆಯ ಕುರುವತ್ತಿ, ಬಾಗಳಿ, ಹಿರೇಹಡಗಲಿಗಳಿಗೆ ಹೋದವರು ಹೊರಗೋಡೆಯ ಎದುರಿಗೇ ಗಂಟೆಗಟ್ಟಲೆ ನಿಲ್ಲುತ್ತಾರೆ. 1057ರ ಸುಮಾರಿನ ಹಿರೇಹಡಗಲಿಯ ಕಲ್ಲೇಶ್ವರ ಒಳಗೆ ನೋಡಬೇಕಾದ ಗುಡಿಯೇ, ಹೊರಗೆ ನೋಡಬೇಕಾದ ಗುಡಿಯೇ ಎಂದರೆ ಎರಡೂ ಹೌದು. ಶೈಲಿಗಳ ಹೋಲಿಕೆಯೇ ಉದ್ದೇಶವಾಗಿದ್ದರೆ ಗಾದೆ ಕಟ್ಟಿದವರು ಉಜ್ಜಿನಿಯನ್ನೇ ಆರಿಸಬೇಕಾದ ಕಾರಣವಿರಲಿಲ್ಲ.

ಒಳಗೆಂದರೆ ಅಂತರಂಗ, ಹೊರಗೆಂದರೆ ಲೌಕಿಕ ವೈಭವ ಎಂಬ ಇನ್ನೊಂದು ಓದೂ ಸಾಧ್ಯ. ಪಂಚಪೀಠಗಳಲ್ಲಿ ಒಂದಾದ ಸದ್ಧರ್ಮ ಪೀಠದ ಊರಿಗೆ ಇದು ಒಪ್ಪುವಂತೆ ತೋರುತ್ತದೆ. ಪೀಠದ ಪರಂಪರೆಯ ಬಗ್ಗೆ ನನಗೆ ಪೂರ್ಣ ಗೌರವವಿದೆ. ಆದರೆ ಗಾದೆಯಲ್ಲಿರುವ ಕ್ರಿಯಾಪದ 'ನೋಡು' ಎಂಬುದು. ಎರಡು ಕಡೆಯೂ ಅದೇ ಇದೆ. ಹಂಪಿಯ ಪಾಲಿಗೆ ಕಣ್ಣಿನ ನೋಟವಾದದ್ದನ್ನು ಉಜ್ಜಿನಿಯ ಪಾಲಿಗೆ ಧ್ಯಾನವೆಂದು ಬದಲಿಸಲು ಆಧಾರವಿಲ್ಲ.

ಹಾಗಾದರೆ ಹೋಲಿಕೆ ಯಾವುದರ ಮಧ್ಯೆ? ನನ್ನ ಉತ್ತರ: ಒಂದು ಪಟ್ಟಣಕ್ಕೂ ಒಂದು ಗುಡಿಯ ಒಳಮನೆಗೂ ಮಧ್ಯೆ. ಹಂಪಿಯ ಹೊರಗು ಎಂದರೆ ಗೋಡೆಯ ಹೊರಮೈಯಲ್ಲ. ಬೆಟ್ಟ, ಹೊಳೆ, ಕೋಟೆ, ಬಜಾರು, ಮಹಾನವಮಿ ದಿಬ್ಬ ಎಲ್ಲ ಸೇರಿದ ಬಯಲು. ಇದನ್ನು ಒಪ್ಪಿದರೆ ಗಾದೆಯ ಕಾಲದ ಬಗ್ಗೆಯೂ ಕೆಲವು ಮಾತು ಹೇಳಬಹುದು. ಹಂಪಿ ನೋಡತಕ್ಕ ಪಟ್ಟಣವಾದ ಮೇಲೆ, ಅಂದರೆ ಹದಿನಾಲ್ಕನೆಯ ಶತಮಾನದ ನಂತರವೇ ಈ ಮಾತು ಹುಟ್ಟಿರಬೇಕು. ಅದಕ್ಕೂ ಹಿಂದಿನ ಹರಿಹರ ಕವಿಯ ಕಾಲಕ್ಕೂ ಹಂಪೆ ಕ್ಷೇತ್ರವೇ, ಹೆಸರಿಗೆ ಕೊರತೆಯಿಲ್ಲ. ಆದರೆ ಆಗ ಅದು ವಿರೂಪಾಕ್ಷನ ದರ್ಶನದ ಜಾಗ, ಹೊರಗೆ ನಿಂತು ನೋಡುವ ಜಾಗವಲ್ಲ. ಪಟ್ಟಣ ಹಾಳಾದ 1565ರ ನಂತರ ಎಂದು ಇನ್ನೂ ಬಿಗಿಯಾಗಿ ಹೇಳುವ ಆಸೆ ನನಗಿದೆ. ಅರಮನೆ ಸುಟ್ಟು, ಮಾಡು ಬಿದ್ದು, ಒಳಗೆಂಬುದೇ ಇಲ್ಲವಾದ ಪಟ್ಟಣವನ್ನು ಹೊರಗಲ್ಲದೆ ಬೇರೆಲ್ಲಿ ನೋಡುವುದು? ಆದರೆ ಎದುರು ವಾದವೂ ಬಲವಾಗಿದೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ಗೆ ಅರಮನೆಯ ಭಾಗವನ್ನು ನೋಡಲು ವಿಶೇಷ ಅನುಮತಿ ಬೇಕಾಯಿತು. ಸಾಮಾನ್ಯ ಒಕ್ಕಲಿಗನಿಗೆ, ಜಾತ್ರೆಗೆ ಬಂದ ಜಂಗಮನಿಗೆ, ಪಟ್ಟಣ ಜೀವಂತವಾಗಿದ್ದಾಗಲೂ ಅದರ ಒಳಗು ದಕ್ಕುತ್ತಿರಲಿಲ್ಲ. ಆದ್ದರಿಂದ 1565ನ್ನು ಸಂಭಾವ್ಯವೆಂದಷ್ಟೇ ಇಡುತ್ತೇನೆ. ಹದಿನಾಲ್ಕನೆಯ ಶತಮಾನದ ಮೇಲಿನ ಗೆರೆಯನ್ನು ನಿಶ್ಚಿತವೆನ್ನುತ್ತೇನೆ.

ಈ ಗೆರೆಯಿಂದ ಒಂದು ಮುಖ್ಯ ಫಲಿತಾಂಶ ಹೊರಡುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಆ ಕಾಲದ ಅಂದಾಜಿಗೆ ಹೇಳುವುದಾದರೆ, ಹತ್ತಿರದ ಅಂಬಳಿಯ ಕಲ್ಲೇಶ್ವರಕ್ಕೆ ಶಾಸನದಿಂದ ಸಿಗುವ ವರ್ಷ 1083. ಹೊಸ ರಾಜಧಾನಿಯ ಕೀರ್ತಿ ಎಲ್ಲರ ಕಣ್ಣನ್ನು ತುಂಬಿದ್ದಾಗ, ಅದಕ್ಕಿಂತ ಶತಮಾನಗಳಷ್ಟು ಹಳೆಯ ಕೆಲಸವೊಂದನ್ನು ಮರೆಯಬೇಡಿ ಎಂದು ಈ ಸೀಮೆಯ ಜನ ಎಚ್ಚರಿಸಿದರು. ಇದು ಜಂಬದ ಮಾತಲ್ಲ, ಪರಂಪರೆಯ ರಕ್ಷಣೆಯ ಮಾತು. ಹಂಪಿಯನ್ನು ಅವರು ತಳ್ಳಿಹಾಕಲಿಲ್ಲ. ಎರಡನ್ನೂ ನೋಡು ಎಂದರು, ಎರಡನ್ನೂ ಒಂದೇ ರೀತಿ ನೋಡಬೇಡ ಎಂದರು.

ಉಜ್ಜಿನಿಗೇ ಒಳಗು ಯಾಕೆ ಎಂಬ ಪ್ರಶ್ನೆ ಉಳಿಯಿತು. ಇದಕ್ಕೆ ಉತ್ತರ ಶಿಖರದ ಎಣ್ಣೆಯಲ್ಲಿದೆ. ವೈಶಾಖದ ಜಾತ್ರೆಯಲ್ಲಿ ಇಲ್ಲಿನ ಗುಡಿಯ ಶಿಖರಕ್ಕೆ ತೈಲಾಭಿಷೇಕ ನಡೆಯುತ್ತದೆ. ತೈಲವನ್ನು ಕಳಿಸುವ ಹಕ್ಕು ಜರಿಮಲೆಯ ಪಾಳೇಗಾರರ ಮನೆತನದ್ದು. ಇದನ್ನು ಮೂಢ ಆಚರಣೆ ಎಂದು ತಳ್ಳುವವರೂ ಕುತೂಹಲದ ಸುದ್ದಿ ಎಂದು ಬರೆಯುವವರೂ ಅದರ ಸಾಕ್ಷ್ಯವನ್ನು ಗಮನಿಸಿಲ್ಲ. ಹೊರಗೆ ನೋಡಲು ಏನೂ ಇಲ್ಲದ್ದರಿಂದ ಒಳಗೆ ನೋಡು ಎಂದರೆಂಬ ವಿವರಣೆ ಈ ಒಂದು ಆಚರಣೆಯಿಂದಲೇ ಬಿದ್ದುಹೋಗುತ್ತದೆ. ವರ್ಷಕ್ಕೊಮ್ಮೆ ಸಾವಿರಾರು ಜನ ಬಯಲಲ್ಲಿ ನಿಂತು ಕತ್ತೆತ್ತಿ ನೋಡುವುದು ಶಿಖರವನ್ನೇ. ಆದರೆ ಅಲ್ಲಿ ಅವರು ನೋಡುವುದು ಸೇವೆಯನ್ನು, ಶಿಲ್ಪವನ್ನಲ್ಲ. ಎಣ್ಣೆ ಕುಡಿದ ಕಲ್ಲಿಗೆ ದೂಳು ಹಿಡಿದರೆ ಕೆತ್ತನೆಯ ಅಂಚು ಮಸಕಾಗುತ್ತದೆ. ಹೀಗೆ ಗುಡಿಯ ಹೊರಮೈ ಭಕ್ತಿಗೂ ಪಾಳೇಗಾರರ ಹಕ್ಕಿಗೂ ಸಂದಿತು. ಕುಶಲಿಗಳ ಕೈಕೆಲಸವನ್ನು ಕಾಣಲು ಕಂಬ, ಬಾಗಿಲುವಾಡ, ಭುವನೇಶ್ವರಿ ಎಂಬ ಕೆತ್ತಿದ ಮಾಳಿಗೆಗಳಿರುವ ಒಳಗೇ ಹೋಗಬೇಕಾಯಿತು. ಗಾದೆಗೂ ಆಚರಣೆಗೂ ವಿರೋಧವಿಲ್ಲ, ಒಂದು ಇನ್ನೊಂದನ್ನು ವಿವರಿಸುತ್ತದೆ.

ಆಧುನಿಕ ವಿದ್ವತ್ತಿನ ಕುಂದು ಇಲ್ಲಿಯೇ ಕಾಣುವುದು. ಆಡಂ ಹಾರ್ಡಿ, ಗೆರಾರ್ಡ್ ಫೂಕೆಮಾ ಅವರಂಥ ದೊಡ್ಡವರು ಕರ್ನಾಟಕದ ಗುಡಿಗಳಿಗೆ ಒಂದು ವ್ಯಾಕರಣವನ್ನೇ ಕಟ್ಟಿಕೊಟ್ಟಿದ್ದಾರೆ. ಅದಕ್ಕೆ ನಾನೂ ಋಣಿ. ಆದರೆ ಆ ವ್ಯಾಕರಣ ಮುಖ್ಯವಾಗಿ ವಿಮಾನದ ಹೊರಮೈಯದು: ಅಧಿಷ್ಠಾನ, ಭಿತ್ತಿ, ತಲಗಳ ಜೋಡಣೆ. ಎಣ್ಣೆ ಸುರಿದ, ಸುಣ್ಣ ಕಂಡ, ನಿತ್ಯಪೂಜೆ ನಡೆಯುವ ಗುಡಿಗಳು ಅದರ ಅಂಚಿಗೆ ಸರಿದುಬಿಡುತ್ತವೆ. ಪಾಳು ಗುಡಿಯೇ ಶುದ್ಧ ಮಾದರಿ, ಪೂಜೆಯ ಗುಡಿ ಕೆಟ್ಟುಹೋದ ಮಾದರಿ ಎಂಬ ಹೇಳದೆ ಉಳಿದ ನಂಬಿಕೆಯನ್ನು ನಾನು ಒಪ್ಪಲಾರೆ.

ಹಾಗಾಗಿ ಆಗಬೇಕಾದ ಕೆಲಸ ಸ್ಪಷ್ಟವಿದೆ. ಉಜ್ಜಿನಿ, ಅಂಬಳಿ, ಬಾಗಳಿ, ನೀಲಗುಂದ, ಕುರುವತ್ತಿ, ಹಡಗಲಿಗಳ ಒಳಾಂಗಣಗಳನ್ನು ಕಂಬ ಕಂಬವಾಗಿ, ಅಂಕಣ ಅಂಕಣವಾಗಿ ಅಳೆದು, ಚಿತ್ರಿಸಿ, ಒಂಬತ್ತನೆಯ ಸಂಪುಟದ ಶಾಸನಗಳ ಪಕ್ಕದಲ್ಲಿಟ್ಟು ಓದಬೇಕು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2021ರಲ್ಲಿ ಹಂಪಿ, ಉಜ್ಜಿನಿ ಎರಡೂ ವಿಜಯನಗರ ಎಂಬ ಹೊಸ ಜಿಲ್ಲೆಗೆ ಬಂದವು. ಗಡಿಯ ನೆವ ಇನ್ನು ಉಳಿದಿಲ್ಲ. ಜಿಲ್ಲೆಗೆ ಹಂಪಿಯ ಅರಸರ ಪಟ್ಟಣದ ಹೆಸರು ಸಂದಿದೆ. ಅದರ ಪರಂಪರೆಯ ನಕ್ಷೆಯಾದರೂ ಗಾದೆ ಕಟ್ಟಿದವರ ವಿವೇಕದಂತೆ ಎರಡು ಊರಿಗೂ ಸಮನಾದ ಜಾಗ ಕೊಡಬೇಕು.