ಮಹಾಭಕ್ಷಕನ ಗುರುತು

ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುವವನನ್ನು ಗುರುತಿಸಲು ಯಾರ ಸಾಕ್ಷ್ಯವೂ ಬೇಡ. ಎಲೆಯೆತ್ತಿ, ಕೈತೊಳೆದು, ಆತ ಜನರ ನಡುವೆ ಬೆರೆತುಹೋದ ಮೇಲೆ, ಉಂಡವನು ಇವನೇ ಎಂದು ತೋರಿಸುವುದು ಹೇಗೆ? ಜೀವವಿಜ್ಞಾನದ ಚರಿತ್ರೆಯಲ್ಲಿ ಇಂಥದೇ ಒಂದು ಪ್ರಶ್ನೆ ಸುಮಾರು ನೂರು ವರ್ಷಗಳ ಕಾಲ ವಿದ್ವಾಂಸರನ್ನು ಕಾಡಿತು. ನಾನು ವಿಜ್ಞಾನಿಯಲ್ಲ, ಸಾಹಿತ್ಯದ ವಿದ್ಯಾರ್ಥಿ. ಆದರೂ ಈ ಕಥೆ ನನ್ನನ್ನು ಸೆಳೆಯಲು ಕಾರಣವಿದೆ: ಇದು ಹೆಸರಿಗೂ ವಸ್ತುವಿಗೂ ಇರುವ ಸಂಬಂಧದ ಕಥೆ.

1882ರಲ್ಲಿ ರಷ್ಯಾದ ಪ್ರಾಣಿವಿಜ್ಞಾನಿ ಇಲ್ಯಾ ಮೆಚ್ನಿಕಾಫ್ ಸಿಸಿಲಿ ದ್ವೀಪದ ಮೆಸ್ಸಿನಾ ಪಟ್ಟಣದಲ್ಲಿದ್ದರು. ನಕ್ಷತ್ರಮೀನಿನ ಮರಿಯ ಮೈ ಗಾಜಿನಂತೆ ಪಾರದರ್ಶಕ. ಅದರೊಳಗೆ ಅವರು ಗುಲಾಬಿಯ ಮುಳ್ಳುಗಳನ್ನು ಚುಚ್ಚಿದರು. ಮರುದಿನ ಬೆಳಗ್ಗೆ ನೋಡಿದರೆ, ಅಲೆಮಾರಿ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ದೇಹವನ್ನು ಹೊಕ್ಕ ಶತ್ರುವನ್ನು ತಿಂದು ಕಾಪಾಡುವ ಕೋಶಗಳಿವೆಯೆಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಅವುಗಳಲ್ಲಿ ದೊಡ್ಡವಕ್ಕೆ ಮ್ಯಾಕ್ರೊಫೇಜ್ ಎಂಬ ಹೆಸರಾಯಿತು. ಗ್ರೀಕ್ ಮೂಲದ ಈ ಪದಕ್ಕೆ ‘ದೊಡ್ಡ ತಿನ್ನುಗ’ ಎಂದರ್ಥ. ನಾವು ಮಹಾಭಕ್ಷಕ ಎನ್ನೋಣ.

ಆದರೆ ಬರ್ಲಿನ್ನಿನ ಪಂಡಿತರು ಬೇರೆಯದನ್ನೇ ಹೇಳಿದರು. 1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ, ರೋಗದ ವಿಷವನ್ನು ಅಡಗಿಸುವ ಶಕ್ತಿ ರಕ್ತದ ದ್ರವಭಾಗದಲ್ಲಿದೆಯೆಂದು ತೋರಿಸಿದರು. ಆ ಶಕ್ತಿಯುಳ್ಳ ವಸ್ತುವೇ ಪ್ರತಿಕಾಯ. ಪಾಲ್ ಎರ್ಲಿಚ್ ಅದಕ್ಕೆ ಸಿದ್ಧಾಂತದ ತಳಹದಿ ಕಟ್ಟಿದರು. ಕಾಯುವುದು ಕೋಶವೋ ದ್ರವವೋ ಎಂಬ ಜಗಳ ವರ್ಷಗಟ್ಟಲೆ ನಡೆಯಿತು. 1908ರಲ್ಲಿ ಮೆಚ್ನಿಕಾಫ್ ಮತ್ತು ಎರ್ಲಿಚ್ ಇಬ್ಬರಿಗೂ ಒಂದೇ ನೊಬೆಲ್ ಬಹುಮಾನವನ್ನು ಹಂಚಿಕೊಟ್ಟದ್ದು ಒಂದು ಬಗೆಯ ರಾಜಿ ಪಂಚಾಯಿತಿಯೇ ಸರಿ.

ಇತ್ತ ಮಹಾಭಕ್ಷಕವನ್ನು ಗುರುತಿಸುವ ಕಷ್ಟ ಹಾಗೆಯೇ ಉಳಿಯಿತು. ಬದುಕಿರುವ ಪ್ರಾಣಿಗೆ ಬಣ್ಣವನ್ನು ಚುಚ್ಚಿದರೆ ಈ ಕೋಶಗಳು ಅದನ್ನು ನುಂಗಿ ತಮ್ಮನ್ನು ತಾವೇ ತೋರಿಸಿಕೊಡುತ್ತಿದ್ದವು. ಆದರೆ ರೋಗಿಯಿಂದ ಕತ್ತರಿಸಿ ತೆಗೆದು, ಫಾರ್ಮಲಿನ್ನಿನಲ್ಲಿ ಅದ್ದಿ, ಮೇಣದಲ್ಲಿ ಹುದುಗಿಸಿದ ತುಣುಕು ಸತ್ತದ್ದು, ಅದು ಉಣ್ಣುವುದಿಲ್ಲ. ರೂಪವನ್ನು ನಂಬೋಣವೆಂದರೆ ಅದೂ ಬಹುವೇಷಿ: ಯಕೃತ್ತಿನಲ್ಲಿ ಒಂದು ಆಕಾರ, ಮಿದುಳಿನಲ್ಲಿ ಇನ್ನೊಂದು. ಇದು ಬರಿಯ ಪಂಡಿತರ ಚರ್ಚೆಯಾಗಿರಲಿಲ್ಲ. 1966ರಲ್ಲಿ ಅಮೆರಿಕದ ರ‍್ಯಾಪಪೋರ್ಟ್ ದುಗ್ಧಗ್ರಂಥಿಯ ಕ್ಯಾನ್ಸರುಗಳನ್ನು ವಿಂಗಡಿಸಿದಾಗ, ಒಂದು ಬಗೆಯ ದೊಡ್ಡ ಕೋಶಗಳು ಭಕ್ಷಕ ಕುಲದವುಗಳಂತೆ ಕಂಡವು. ಹೆಸರೂ ಹಾಗೆಯೇ ಬಿತ್ತು. ಅವುಗಳಲ್ಲಿ ಹೆಚ್ಚಿನವು ದುಗ್ಧಕಣದ ಕುಲದವೆಂದು ಅನಂತರ ತಿಳಿಯಿತು. ಚಹರೆ ನೋಡಿ ಕುಲ ಹೇಳಿದರೆ ಆಗುವ ಗತಿ ಇದು.

ಬಿಡಿಸುವ ಉಪಾಯ ಬಂದದ್ದು ಪ್ರತಿಪಕ್ಷದ ಶಸ್ತ್ರಾಗಾರದಿಂದಲೇ. ಪ್ರತಿಕಾಯದ ಗುಣವೇನು? ಬೀಗಕ್ಕೆ ಕೀಲಿಕೈ ಹೊಂದುವಂತೆ ತನಗೆ ಒಪ್ಪುವ ವಸ್ತುವನ್ನೇ ಹಿಡಿಯುವುದು. 1941ರಲ್ಲಿ ಆಲ್ಬರ್ಟ್ ಕೂನ್ಸ್ ಮತ್ತು ಅವರ ಸಂಗಡಿಗರು ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿದರು. 1966ರಲ್ಲಿ ನಕಾನೆ ಮತ್ತು ಪಿಯರ್ಸ್ ಬಣ್ಣದ ಬದಲು ಒಂದು ಕಿಣ್ವವನ್ನು ಕಟ್ಟಿದರು. ಅದರ ಮೇಲೆ ತಕ್ಕ ರಾಸಾಯನಿಕವನ್ನು ಹನಿಸಿದರೆ, ಪ್ರತಿಕಾಯ ಅಂಟಿದೆಡೆಯಲ್ಲಿ ಕಂದು ಬಣ್ಣ ಮೂಡಿ ಸಾಧಾರಣ ಸೂಕ್ಷ್ಮದರ್ಶಕದಲ್ಲೇ ಕಾಣುತ್ತದೆ.

ಒಂದು ತೊಡಕು ಉಳಿದಿತ್ತು. ಪ್ರಾಣಿಯ ರಕ್ತದಲ್ಲಿರುವುದು ನಾನಾ ಪ್ರತಿಕಾಯಗಳ ಸಂತೆ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್, ಪ್ರತಿಕಾಯ ಮಾಡುವ ಗುಲ್ಮದ ಕೋಶವನ್ನು ಸಾವರಿಯದ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಆ ಸಂತತಿ ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ಕೊಡತೊಡಗಿತು. 1984ರಲ್ಲಿ, ನೀಲ್ಸ್ ಯೆರ್ನೆ ಅವರೊಂದಿಗೆ, ಅವರಿಬ್ಬರಿಗೂ ನೊಬೆಲ್ ಬಂದಿತು.

1981ರಲ್ಲಿ ಆಕ್ಸ್‌ಫರ್ಡಿನ ಆಸ್ಟಿನ್ ಮತ್ತು ಗಾರ್ಡನ್, ಈ ವಿಧಾನದಿಂದಲೇ ಚುಂಡಿಲಿಯ ಮಹಾಭಕ್ಷಕವನ್ನು ಹಿಡಿಯುವ ‘ಎಫ್4/80’ ಎಂಬ ಪ್ರತಿಕಾಯವನ್ನು ಪ್ರಕಟಿಸಿದರು. 1989ರಲ್ಲಿ ಆಕ್ಸ್‌ಫರ್ಡಿನಿಂದಲೇ ‘ಕೆಪಿ1’ ಬಂತು. ಮನುಷ್ಯನ ಮಹಾಭಕ್ಷಕದೊಳಗೆ, ನುಂಗಿದ್ದನ್ನು ಜೀರ್ಣಿಸುವ ಚೀಲಗಳ ಬಳಿ ಇರುವ ‘ಸಿಡಿ68’ ಎಂಬ ಪ್ರೋಟೀನನ್ನು ಅದು ಹಿಡಿಯುತ್ತದೆ. ಅದರ ಹೆಚ್ಚುಗಾರಿಕೆಯೆಂದರೆ, ಫಾರ್ಮಲಿನ್ ಕಂಡು ಮೇಣದಲ್ಲಿ ಹುದುಗಿದ ತುಣುಕಿನಲ್ಲಿಯೂ ಅದು ಕೆಲಸ ಮಾಡಿತು. ಆಸ್ಪತ್ರೆಯ ಕಪಾಟಿನಲ್ಲಿ ವರ್ಷಗಳಿಂದ ಕುಳಿತಿದ್ದ ತುಣುಕುಗಳನ್ನೂ ಮಾತನಾಡಿಸುವಂತಾಯಿತು. ಉಣ್ಣುವ ಕ್ರಿಯೆ ನಿಂತಿದೆ, ಆದರೆ ಉಣ್ಣಲು ಬೇಕಾದ ಸಲಕರಣೆ ಅಲ್ಲಿಯೇ ಇದೆ. ಪ್ರತಿಕಾಯ ಅದನ್ನು ಬೆರಳಿಟ್ಟು ತೋರಿಸುತ್ತದೆ.

ಆದರೂ ಒಂದು ಎಚ್ಚರಿಕೆ ಬೇಕು. ಕೆಪಿ1 ಕೆಲವು ಬೇರೆ ಕೋಶಗಳಲ್ಲಿಯೂ ಕಂದು ಬಣ್ಣ ತೋರುತ್ತದೆ. ಅದೇ ಸಿಡಿ68ನ್ನು ಇನ್ನಷ್ಟು ಆಯ್ದು ಹಿಡಿಯುವ ‘ಪಿಜಿ-ಎಂ1’ 1993ರಲ್ಲಿ ಬಂದದ್ದು ಇದೇ ಕಾರಣಕ್ಕೆ. ಆದುದರಿಂದ ಬಲ್ಲ ವೈದ್ಯರು ಒಂದೇ ಸಾಕ್ಷಿಯ ಮಾತಿನ ಮೇಲೆ ತೀರ್ಪು ಕೊಡುವುದಿಲ್ಲ. ಹಲವು ಪ್ರತಿಕಾಯಗಳನ್ನು ಕೇಳಿ, ಕೋಶದ ರೂಪವನ್ನೂ ರೋಗಿಯ ವೃತ್ತಾಂತವನ್ನೂ ಕೂಡಿಸಿ ಓದುತ್ತಾರೆ. ಪಾಠಾಂತರಗಳನ್ನು ಹೋಲಿಸದೆ ಹಳೆಗನ್ನಡದ ಪದಕ್ಕೆ ಅರ್ಥ ಹೇಳಬಾರದೆಂದು ನಮ್ಮ ಗುರುಗಳು ಕಲಿಸಿದ್ದೂ ಇದನ್ನೇ.

ಮೆಚ್ನಿಕಾಫರ ಭಕ್ಷಕವನ್ನು ಇಂದು ಲೋಕಕ್ಕೆ ತೋರಿಸಿಕೊಡುತ್ತಿರುವುದು ಎರ್ಲಿಚ್ಚರ ಪ್ರತಿಕಾಯ. 1908ರಲ್ಲಿ ಬಹುಮಾನದ ವೇದಿಕೆಯ ಮೇಲೆ ಮಾತ್ರ ನಡೆದ ರಾಜಿ, ಅಂಗೈಯಗಲವೂ ಇಲ್ಲದ ಗಾಜಿನ ಪಟ್ಟಿಯ ಮೇಲೆ ಈಗ ದಿನವೂ ನಡೆಯುತ್ತಿದೆ. ವಾದಿಗಳಿಬ್ಬರೂ ಸತ್ಯದ ಅರ್ಧರ್ಧವನ್ನು ಹಿಡಿದಿದ್ದರು. ಅವೆರಡನ್ನು ಕೂಡಿಸಿದ ಲಾಭ ಸಂದದ್ದು ರೋಗಿಗೆ.